ಬಿದ್ದ ಮರಕ್ಕೂ ಮರಣೋತ್ತರ ಪರೀಕ್ಷೆ ಬೇಕು

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯ ಲೆಕ್ಕದಲ್ಲಿ 133 ವರ್ಷಗಳ ದಾಖಲೆ ಅಂದು ಮುರಿಯಿತು. ನಗರದಲ್ಲಿ ನೂರಾರು ಮರಗಳು ಉರುಳಿದವು. ಇಂಥ ಪ್ರತಿ ಮಳೆಯ ಮರುದಿನ ನಾವು ಓದುವ ಸಾಲು ಒಂದೇ: 'ಗಾಳಿ-ಮಳೆಗೆ ಮರ ಧರೆಗೆ.'

ನೋಡೋಕೆ ಸರಳ ವಾಕ್ಯ. ಆದರೆ ಇದರಲ್ಲಿ ತಪ್ಪಿತಸ್ಥ ಯಾರು? ಗಾಳಿ. ಗಾಳಿಗೆ ನೋಟಿಸ್ ಕೊಡೋಕಾಗಲ್ಲ, ಅಮಾನತು ಮಾಡೋಕಾಗಲ್ಲ, ಬಿಲ್ ತಡೆಹಿಡಿಯೋಕೂ ಆಗಲ್ಲ. ಹಾಗಾಗಿ ಫೈಲ್ ಅಲ್ಲಿಗೇ ಮುಗಿಯುತ್ತದೆ.

ಅದೇ ರಸ್ತೆ, ಅದೇ ಗಾಳಿ. ಒಂದು ಮರ ಬಿತ್ತು, ಪಕ್ಕದ್ದು ನಿಂತಿದೆ. ಯಾಕೆ? ಉತ್ತರ ಬಹಳ ಸಲ ನೆಲದಡಿಯಲ್ಲಿದೆ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ವಾಸ್ತವದಲ್ಲಿ ಹೆಚ್ಚಿನ ಬೇರುಗಳು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲೇ, ಕೊಂಬೆಗಳ ಹರವಿಗಿಂತ ಅಗಲವಾಗಿ ಚಾಚಿರುತ್ತವೆ. ನಾವು ಅಗೆಯುವುದೂ ಅಲ್ಲೇ. ಜಲಮಂಡಳಿಯ ಪೈಪ್, ಬೆಸ್ಕಾಂ ಕೇಬಲ್, ಗ್ಯಾಸ್ ಲೈನ್, ಆಪ್ಟಿಕಲ್ ಫೈಬರ್, ಆಮೇಲೆ ಚರಂಡಿ. ಪ್ರತಿ ಸಲ ಜೆಸಿಬಿ ಒಂದು ಬದಿಯ ಬೇರು ಕತ್ತರಿಸಿ ಹೋಗುತ್ತದೆ. ಉಳಿದದ್ದರ ಮೇಲೆ ಬುಡದವರೆಗೂ ಕಾಂಕ್ರೀಟ್. ಹಸಿರು ತಂತಿಗೆ ತಾಗಬಾರದು ಅಂತ ಒಂದೇ ಕಡೆಯ ಕೊಂಬೆ ಸವರಿದರೆ ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ಹೀಗೆ ವರ್ಷಗಟ್ಟಲೆ ದುರ್ಬಲವಾದ ಮರದ ಬುಡದ ಮಣ್ಣು ಒಂದು ಸಂಜೆ ನೆನೆದು ಸಡಿಲವಾಗುತ್ತದೆ. ಗಾಳಿ ಕೊಡುವುದು ಕೊನೆಯ ತಳ್ಳು ಮಾತ್ರ.

ವಯಸ್ಸಿನ ಪ್ರಶ್ನೆಯೂ ಇದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಡಲಾಯಿತು. ಇಂದಿನ ನೆರಳಿಗೆ ಆ ಕೆಲಸವೇ ದೊಡ್ಡ ಕಾರಣ. ಅವುಗಳಲ್ಲಿ ಉಳಿದವು ಈಗ 40 ದಾಟಿವೆ. ಗುಲ್‌ಮೊಹರ್‌ನಂಥ ಮೆದು ಮರಗಳ ಕೊಂಬೆ ಬೇಗ ಮುರಿಯುತ್ತದೆ. ಆಗ ಗಿಡ ನೆಡಲು ಯೋಜನೆ ಇತ್ತು. ಈಗ ಮುಪ್ಪಾದ ಮರ ನೋಡಿಕೊಳ್ಳಲು ಅಷ್ಟೇ ದೊಡ್ಡ ಯೋಜನೆ ಬೇಕಲ್ಲವೇ?

ಇನ್ನು ತೆರವಿನ ಕಥೆ. 1533ಕ್ಕೆ ಫೋನ್ ಮಾಡಿದರೆ ಪಾಲಿಕೆ, 1912ಕ್ಕೆ ಮಾಡಿದರೆ ಬೆಸ್ಕಾಂ. ಕರೆಂಟ್ ತೆಗೆಯದೆ ಮರ ಕತ್ತರಿಸುವಂತಿಲ್ಲ, ಮರ ಕತ್ತರಿಸದೆ ತಂತಿ ಎಳೆಯುವಂತಿಲ್ಲ. ನಡುರಾತ್ರಿ, ಮಳೆಯಲ್ಲಿ, ಬಿಗಿದು ನಿಂತ ದಿಮ್ಮಿಗೆ ಗರಗಸ ಇಡುವವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಮರ ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಅವರ ತಲೆ ಮೇಲೆ ಹೆಲ್ಮೆಟ್ ಇದೆಯಾ, ಅವರಿಗೆ ವಿಮೆ ಇದೆಯಾ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ? ಬೆಳಗಾಗುವಷ್ಟರಲ್ಲಿ ವಾಹನಗಳಿಗೆ ದಾರಿ ಆಗಿರುತ್ತದೆ. ದಿಮ್ಮಿಗೆ ಬೆಲೆ ಇದೆ, ಅದು ಹೋಗುತ್ತದೆ. ಕೊಂಬೆ, ಸೊಪ್ಪು ಫುಟ್‌ಪಾತ್ ಮೇಲೆ ಕೊಳೆಯುತ್ತದೆ. ಕಾರಿಗೆ ದಾರಿ ಮೊದಲು, ನಡೆಯುವವರಿಗೆ ಯಾವಾಗಲೋ. ಪುಡಿ ಮಾಡಿ ಪಾರ್ಕಿನ ಗಿಡಗಳ ಬುಡಕ್ಕೆ ಹಾಕಬಹುದಾದದ್ದು ಹೀಗೆ ಕಸವಾಗುತ್ತದೆ.

ಇದನ್ನೆಲ್ಲ ಬರೀ ಪರಿಸರಪ್ರೇಮಿಗಳ ತಕರಾರು ಅಂತ ತಳ್ಳಿಹಾಕಬೇಡಿ. 2025ರಲ್ಲಿ ಇದೇ ನಗರದಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಒಂದು ಪುಟ್ಟ ಮಗು ಮರ ಬಿದ್ದು ಸತ್ತಿತು. ಕೆಲವೇ ತಿಂಗಳಲ್ಲಿ ಕೊಂಬೆ ಬಿದ್ದು ಗಾಯಗೊಂಡ ಯುವಕನೊಬ್ಬ ಉಳಿಯಲಿಲ್ಲ. ಇಂಥ ಸಾವು ಆದಾಗ 'ಅಪಾಯಕಾರಿ ಮರ ಕಡಿದುಬಿಡಿ' ಅನ್ನೋ ಕೂಗು ಏಳುವುದು ಸಹಜ. ಮನೆ ಮುಂದೆ ವಾಲಿದ ಮರ ಇರುವವರ ಭಯ ಸುಳ್ಳಲ್ಲ. ಕೆಲವು ಮರಗಳನ್ನು ತೆಗೆಯಲೇಬೇಕು. ಆದರೆ ಯಾವುದು ಅಪಾಯಕಾರಿ ಅಂತ ಹೇಳೋಕೆ ಮಾಹಿತಿ ಬೇಕು. ಇಲ್ಲದಿದ್ದರೆ ಗಟ್ಟಿ ಮರ ಉರುಳಿಸಲೂ ಇದೇ ಭಯ ನೆಪವಾಗುತ್ತದೆ.

ಮರಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕರ್ತವ್ಯ ಅಂತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣದಲ್ಲಿ 2013ರಲ್ಲೇ ಆದೇಶಿಸಿತ್ತು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಬೋರ್ಡ್ ಬದಲಾದರೆ ಸಾಲದು, ಲೆಕ್ಕ ಇಡುವ ರೀತಿಯೂ ಬದಲಾಗಬೇಕು.

ಕೇಳಬೇಕಾದ್ದು ಸಣ್ಣದು. ಬಿದ್ದ ಪ್ರತಿ ಮರಕ್ಕೂ ಒಂದು ಪುಟದ ವರದಿ ಇರಲಿ: ಯಾವ ಜಾತಿ, ಬೇರು ಕೊಳೆತಿತ್ತಾ ಕತ್ತರಿಸಿತ್ತಾ, ಆ ರಸ್ತೆಯನ್ನು ಕೊನೆಗೆ ಅಗೆದದ್ದು ಯಾರು, ಅನುಮತಿ ಕೊಟ್ಟದ್ದು ಯಾರು. ಅದು ಎಲ್ಲರಿಗೂ ಕಾಣುವಂತಿರಲಿ. ಬೇರು ಕತ್ತರಿಸಿದ ಗುತ್ತಿಗೆದಾರನ ಬಿಲ್‌ನಿಂದ ತೆರವಿನ ಖರ್ಚು ಕಡಿತವಾಗಲಿ. ಅಂಥ ನಾಲ್ಕು ವರದಿ ಬಂದರೆ ಐದನೇ ಸಲ ಜೆಸಿಬಿ ಮರದ ಬುಡದಲ್ಲಿ ನಿಧಾನವಾಗುತ್ತದೆ.

ಅಲ್ಲಿಯವರೆಗೆ ನಿಮ್ಮ ಬೀದಿಯಲ್ಲಿ ಮರ ಬಿದ್ದರೆ, ತಂತಿಯಿಂದ ದೂರ ನಿಂತು, ಜಜ್ಜಿದ ಕಾರಿನದ್ದಲ್ಲ, ಬೇರಿನ ಫೋಟೊ ತೆಗೆಯಿರಿ. ನೇರವಾಗಿ, ನುಣುಪಾಗಿ ಕತ್ತರಿಸಿದ ಗುರುತು ಕಂಡರೆ ನೆನಪಿಡಿ: ಗಾಳಿ ಬೇರನ್ನು ಹಾಗೆ ಕತ್ತರಿಸುವುದಿಲ್ಲ.