ಹೊಲಿಗೆ ಬಿಚ್ಚಿದರೆ ಸಾಕು

ಆರು ತಿಂಗಳ ರಜೆ ಮುಗಿದಿತ್ತು. ದಾಂಡೇಲಿಯಿಂದ ಹಳಿಯಾಳದ ಆಫೀಸಿಗೆ ಹೊರಡುವ ಹಿಂದಿನ ರಾತ್ರಿ ಕಪಾಟು ತೆಗೆದೆ. ಒಂದೊಂದೇ ಬ್ಲೌಸ್ ಹಾಕಿ ನೋಡಿದೆ, ಯಾವುದಕ್ಕೂ ಹುಕ್ ಬೀಳಲಿಲ್ಲ. ಅಳುವೇ ಬಂತು. ಅತ್ತೆ ಬಂದು ನೀಲಿ ಬ್ಲೌಸ್ ತಿರುಗಿಸಿ ನೋಡಿ, "ಒಳಗ ಇಷ್ಟ ಬಟ್ಟಿ ಬಿಟ್ಟಾರ ನೋಡವಾ, ಎರಡ ಹೊಲಿಗಿ ಬಿಚ್ಚಿದ್ರ ಆತು" ಅಂದರು.

ಮರುದಿನ ಅದನ್ನೇ ಹಾಕಿಕೊಂಡು ಬಸ್ ಹತ್ತಿದೆ. ಹೊಲಿಗೆ ಬಿಚ್ಚಿದ ಗೆರೆ ಕಾಣುತ್ತಿತ್ತು. ಆಫೀಸಿನಲ್ಲಿ ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ಕೇಳಿದ್ದು ಮಗು ಹೇಗಿದೆ ಅಂತ!

ಹಾಗಾಗಿ ಕೆಲಸಕ್ಕೆ ಮರಳುವ ಅಮ್ಮಂದಿರಿಗೆ ನನ್ನ ಮಾತು: ಮೈ ಇನ್ನೂ ಬದಲಾಗುತ್ತಿರುತ್ತದೆ, ಈಗಲೇ ರಾಶಿ ಬಟ್ಟೆ ಕೊಳ್ಳಬೇಡಿ. ಮುಂದೆ ಬಟನ್ ಅಥವಾ ಜಿಪ್ ಇರುವ ಮೂರು ಕುರ್ತಾ ಸಾಕು. ತಿಳಿ ಬಣ್ಣಕ್ಕಿಂತ ಗಾಢ ಬಣ್ಣದ ಪ್ರಿಂಟ್ ಒಳ್ಳೆಯದು, ಮೀಟಿಂಗ್ ಮಧ್ಯೆ ಹಾಲು ಸೋರಿದರೂ ಕಲೆ ಎದ್ದು ಕಾಣುವುದಿಲ್ಲ. ಬ್ಯಾಗಿನಲ್ಲಿ ಬ್ರೆಸ್ಟ್ ಪ್ಯಾಡ್ ಮತ್ತು ಒಂದು ದುಪಟ್ಟಾ ಇರಲಿ. ಜೋಯಿಡಾ, ದಾಂಡೇಲಿಯ ಮಳೆಗಾಲಕ್ಕೆ ದಪ್ಪ ಕಾಟನ್ ಬೇಡ, ಬೇಗ ಒಣಗುವ ತೆಳು ಬಟ್ಟೆ ನೋಡಿ.

ಮುಂದಿನ ಬಟನ್ ಬರೀ ಫ್ಯಾಷನ್ ಅಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮ ಬಿಟ್ಟು, ದಿನಕ್ಕೆ 2 ಸಲ ಹಾಲುಣಿಸುವ ವಿರಾಮ ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಆ ಹಕ್ಕು ಈಗಲೂ ಇದೆ. ಸಂಕೋಚ ಬಿಟ್ಟು ಕೇಳಿ.