ಮಗುವಿನ ಔಷಧವೂ ಮನೆಯ ಚಮಚವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿ ಬೆಳೆಯುವ ಸೀಮೆ. ಪೇಟೆಯಲ್ಲಿ ತೊಗರಿಯ ತೂಕ ಒಂದು ಕಿಲೋಗ್ರಾಂ ಕಡಮೆಯಾದರೂ ನಮ್ಮ ರೈತನು ಒಪ್ಪನು. ಆದರೆ ಅದೇ ಮನೆಯಲ್ಲಿ ಮಗುವಿಗೆ ಜ್ವರ ಬಂದ ರಾತ್ರಿ ಔಷಧವನ್ನು ಅಳೆಯುವುದು ಕೈಗೆ ಸಿಕ್ಕಿದ ಚಮಚದಿಂದ. ಈ ಪದ್ಧತಿ ನಿಲ್ಲಬೇಕೆಂಬುದೇ ನಮ್ಮ ವಾದ.

ಚಮಚವು ಏಕಮಾನವಲ್ಲ. ಒಂದು ಮನೆಯದು 3 ಮಿಲಿಲೀಟರ್ ಹಿಡಿದರೆ ನೆರೆಮನೆಯದು 7 ಹಿಡಿದೀತು. ವಯಸ್ಸನ್ನು ನೆಚ್ಚುವುದೂ ಸಾಲದು. ಎರಡು ವರ್ಷದ ಇಬ್ಬರು ಮಕ್ಕಳಲ್ಲಿ ಒಂದು 10, ಇನ್ನೊಂದು 13 ಕಿಲೋಗ್ರಾಂ ತೂಗಬಹುದು.

ಲೆಕ್ಕವಾದರೋ ಪ್ರೌಢಶಾಲೆಯ ವಿದ್ಯಾರ್ಥಿಗೂ ಸುಲಭವಾದುದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳೋಣ. ಪ್ರತಿ ಕಿಲೋಗ್ರಾಂ ತೂಕಕ್ಕೆ 15 ಮಿಲಿಗ್ರಾಂನಂತೆ ಕೊಡಬೇಕೆಂದು ವೈದ್ಯರು ಹೇಳಿದರೆ, 12 ಕಿಲೋಗ್ರಾಂ ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾದುದು 180 ಮಿಲಿಗ್ರಾಂ. ಇನ್ನು ಸೀಸೆಯ ಮೇಲಿನ ಚೀಟಿಯನ್ನು ಓದಬೇಕು. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಔಷಧವಿದ್ದರೆ 7.5 ಮಿಲಿಲೀಟರ್ ಕೊಡಬೇಕು. 250 ಇದ್ದರೆ 3.6 ಸಾಕು. ಕೂಸುಗಳಿಗೆಂದು ಮಾರುವ ಹನಿ ಔಷಧದಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವುದುಂಟು, ಆಗ 1.8 ಮಾತ್ರ. ಮೊದಲನೆಯ ಸೀಸೆಯ ಅಳತೆಯಲ್ಲಿ ಈ ಹನಿ ಔಷಧವನ್ನು ಕುಡಿಸಿದರೆ ಮಗುವಿನ ಹೊಟ್ಟೆ ಸೇರುವುದು 750 ಮಿಲಿಗ್ರಾಂ, ಅಂದರೆ ಬೇಕಾದುದರ ನಾಲ್ಕು ಪಟ್ಟಿಗೂ ಮಿಗಿಲು! ಇದು ಮರುಕಳಿಸಿದರೆ ಯಕೃತ್ತಿಗೆ ಅಪಾಯ ತಪ್ಪದು. ಕಡಮೆ ಕುಡಿಸಿದರೆ ಜ್ವರ ಇಳಿಯದು.

ಇದು ವೈದ್ಯರ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೊಮ್ಮೆ ಎಂಬ ನಿರ್ಣಯ ನಿಶ್ಚಯವಾಗಿಯೂ ಅವರದೇ. ಆದರೆ ಚೀಟಿಯಲ್ಲಿ ಬರಿಯ ‘ಒಂದು ಚಮಚ’ ಎಂದಿದ್ದರೆ ಆ ನಿರ್ಣಯವು ಮನೆ ಮುಟ್ಟುವಷ್ಟರಲ್ಲಿ ಕೆಟ್ಟಿರುತ್ತದೆ. ಆದುದರಿಂದ ಮಿಲಿಗ್ರಾಂ, ಮಿಲಿಲೀಟರ್ ಎರಡನ್ನೂ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಡಬೇಕು. ಔಷಧದ ಅಂಗಡಿಯವರು ಗೆರೆಯುಳ್ಳ ಅಳತೆಯ ಬಟ್ಟಲನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಜೊತೆಗೆ ಕೊಡಬೇಕು. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿ ತಾಯಿ ಕಾರ್ಡಿನಲ್ಲಿ ಬರೆಯುವುದುಂಟು. ಆ ಕಾರ್ಡು ವೈದ್ಯರ ಮುಂದಿರಲಿ.

1956ರ ತೂಕ ಮತ್ತು ಅಳತೆಗಳ ಶಾಸನವು ಸೇರು, ತೊಲಗಳನ್ನು ಪೇಟೆಯಿಂದ ಹೊರಗಟ್ಟಲು ದಾರಿಮಾಡಿತು. ಚಮಚವನ್ನು ಔಷಧದ ಸೀಸೆಯಿಂದ ದೂರವಿರಿಸಲು ಹೊಸ ಶಾಸನ ಬೇಕಿಲ್ಲ. ತರಗತಿಯಲ್ಲಿ ಕಲಿತ ಏಕಮಾನಗಳನ್ನು ಮರೆಯದ ಒಬ್ಬ ಅಣ್ಣನೋ ಅಕ್ಕನೋ ಆ ಮನೆಯಲ್ಲಿದ್ದರೆ ಸಾಕು.