ಸೋತಾಗ ಮುಂದೆ, ಗೆದ್ದಾಗ ಹಿಂದೆ

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ವಿಜ್ಞಾನ ಮೇಳದಲ್ಲಿ ಅವಳೇ ತಂಡದ ನಾಯಕಿ. ಅವರು ಮಾಡಿದ ಗಾಳಿಯಂತ್ರ ತಿರುಗಲೇ ಇಲ್ಲವಂತೆ. “ತಪ್ಪು ನನ್ನದಲ್ಲ ತಾತ, ವೈರ್ ಜೋಡಿಸಿದವನದು. ಮಿಸ್‌ಗೆ ಅವನ ಹೆಸರು ಹೇಳಿಬಿಟ್ಟೆ” ಎಂದಳು.

ಬಯ್ಯಲು ನನಗೆ ಬಾಯಿ ಬರಲಿಲ್ಲ. ನಾನೂ ಹಾಗೇ ಮಾಡಿದವನು! ಒಂದು ಮುದ್ರಣಾಲಯದಲ್ಲಿ ಆರು ಜನರ ಮೇಲ್ವಿಚಾರಕನಾಗಿದ್ದೆ. ಒಮ್ಮೆ ಲಗ್ನಪತ್ರಿಕೆಯಲ್ಲಿ ಮುಹೂರ್ತದ ತಾರೀಕು ತಪ್ಪಾಗಿ ಅಚ್ಚಾಯಿತು. ಪ್ರೂಫ್ ನೋಡಿ ಸಹಿ ಹಾಕಿದವನು ನಾನೇ. ಆದರೂ ಗಿರಾಕಿಯ ಎದುರಿಗೇ ಅಚ್ಚುಮೊಳೆ ಜೋಡಿಸಿದ ಹುಡುಗನನ್ನು ಗದರಿದೆ. ಅಂದಿನಿಂದ ಅವನು ತಪ್ಪು ಕಂಡರೂ ನನಗೆ ಹೇಳುವುದನ್ನು ಬಿಟ್ಟ. ಉಳಿದವರೂ ಬಿಟ್ಟರು. ತಪ್ಪುಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು.

ಅಂದು ಸಂಜೆ ಮೊಮ್ಮಗಳಿಗೆ ಸತೀಶ್ ಧವನ್ ಅವರ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು, ಇಸ್ರೋದ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಹಾರಿತು. ಆ ಯೋಜನೆಯ ಮುಖ್ಯಸ್ಥರು ಎ.ಪಿ.ಜೆ. ಅಬ್ದುಲ್ ಕಲಾಂ. ಹಾರುವ ಮುನ್ನ ಕಂಪ್ಯೂಟರ್ ‘ತಡೆಯಿರಿ’ ಎಂದಿತ್ತು. ತಜ್ಞರ ಮಾತು ಕೇಳಿ, ಹಾರಿಸೋಣ ಎಂದು ತೀರ್ಮಾನಿಸಿದವರು ಕಲಾಂ. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು.

ಪತ್ರಕರ್ತರು ಕಾಯುತ್ತಿದ್ದರು. ಧವನ್ ಯಾರ ಹೆಸರನ್ನೂ ಹೇಳಲಿಲ್ಲ. ತಾವೇ ಮುಂದೆ ಕುಳಿತು ಸೋಲಿನ ಹೊಣೆ ಹೊತ್ತರು. ತಮ್ಮ ತಂಡದ ಮೇಲೆ ನಂಬಿಕೆಯಿದೆ, ಮುಂದಿನ ಸಲ ಗೆಲ್ಲುತ್ತೇವೆ ಎಂದರು.

ತಂಡ ದೋಷ ಹುಡುಕಿ ಸರಿಪಡಿಸಿತು. 1980ರ ಜುಲೈ 18ರಂದು ಅದೇ ಬಗೆಯ ಇನ್ನೊಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಈ ಸಲ ಧವನ್ ಹಿಂದೆ ಸರಿದು, ಪತ್ರಕರ್ತರ ಜೊತೆ ಮಾತನಾಡಲು ಕಲಾಂ ಅವರನ್ನು ಕಳುಹಿಸಿದರು. ಕಲಾಂ ಮುಂದೆ ರಾಷ್ಟ್ರಪತಿಯಾದರು. ಆದರೂ ಈ ಘಟನೆಯನ್ನು ಮರೆಯಲಿಲ್ಲ. ನಾಯಕತ್ವದ ಪಾಠ ಕಲಿತದ್ದು ಅಂದೇ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮರುದಿನ ಮಿಸ್ ಹತ್ತಿರ ಹೋಗಿ, “ಒಮ್ಮೆ ಓಡಿಸಿ ನೋಡಬೇಕಿತ್ತು, ನಾನು ನೋಡಲಿಲ್ಲ” ಎಂದಳಂತೆ. ಭಾನುವಾರ ಆ ಹುಡುಗ ವೈರ್ ಹಿಡಿದು ನಮ್ಮ ಮನೆಗೇ ಬಂದ. “ಇನ್ನೊಂದು ಕಡೆಯೂ ಸಡಿಲ ಇದೆ, ನೋಡು” ಎಂದು ತಾನಾಗಿಯೇ ತೋರಿಸಿದ. ಇಬ್ಬರೂ ವರಾಂಡದಲ್ಲಿ ಕುಳಿತು ಬಿಗಿ ಮಾಡಿದರು. ಯಂತ್ರ ಗಿರ್ರನೆ ತಿರುಗಿತು.

ನಾನು ನೋಡುತ್ತಾ ಕುಳಿತಿದ್ದೆ. ಮುದ್ರಣಾಲಯದ ಆ ಹುಡುಗನಿಗೆ “ತಪ್ಪು ನನ್ನದಪ್ಪಾ” ಎಂದು ನಾನು ಹೇಳಲೇ ಇಲ್ಲ. ಹೇಳಲು ಎರಡು ನಿಮಿಷ ಸಾಕಿತ್ತು.